ಇಂಗ್ಲೆಂಡಿನ ದರಿದ್ರ ಪರಿಹಾರ ಶಾಸನವೂ ವೈದ್ಯಕೀಯ ಆಡಳಿತವೂ (೧೮೩೪–೧೯೪೮)

ರೋಗಿಗೆ ಔಷಧ ಕೊಡುವುದು ವೈದ್ಯನ ಕೆಲಸ. ಆದರೆ ಯಾವ ರೋಗಿಗೆ, ಯಾರ ಅಪ್ಪಣೆಯಿಂದ, ಯಾರ ಹಣದಿಂದ ಕೊಡಬೇಕೆಂಬುದು ಆಡಳಿತದ ಪ್ರಶ್ನೆ. ಈ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡು ಮೊದಲು ಒಂದು ಕಠಿಣವಾದ ಉತ್ತರವನ್ನು ಕೊಟ್ಟು, ಆ ಮೇಲೆ ಅದನ್ನು ತುಂಡುತುಂಡಾಗಿ ಹಿಂತೆಗೆದುಕೊಂಡಿತು. ಆ ಹಿಂತೆಗೆತದ ಕ್ರಮವನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೧೬೦೧ರ ಎಲಿಜಬೆತ್ ರಾಣಿಯ ಶಾಸನದಂತೆ ಬಡವರ ಪೋಷಣೆಯ ಹೊಣೆ ಆಯಾ ಪ್ಯಾರಿಷ್‌ಗೆ ಸೇರಿದ್ದಿತು. ೧೮೩೨ರಲ್ಲಿ ನೇಮಕವಾದ ವಿಚಾರಣಾ ಆಯೋಗದ ವರದಿಯನ್ನನುಸರಿಸಿ ಪಾರ್ಲಿಮೆಂಟು ೧೮೩೪ರಲ್ಲಿ ಹೊಸ ಶಾಸನವನ್ನು ಮಾಡಿತು. ನಾಸೋ ಸೀನಿಯರ್ ಮತ್ತು ಎಡ್ವಿನ್ ಚಾಡ್ವಿಕ್ ಆ ವರದಿಯ ಮುಖ್ಯ ಕರ್ತೃಗಳು. ಪ್ಯಾರಿಷ್‌ಗಳನ್ನು ಒಕ್ಕೂಟಗಳಾಗಿ ಜೋಡಿಸಲಾಯಿತು; ಪ್ರತಿ ಒಕ್ಕೂಟಕ್ಕೂ ಚುನಾಯಿತ ಪಾಲಕ ಮಂಡಳಿ, ಎಲ್ಲಕ್ಕೂ ಮೇಲೆ ಲಂಡನ್ನಿನಲ್ಲಿ ಮೂವರು ಕಮಿಷನರುಗಳು. ಪರಿಹಾರ ಪಡೆಯುವವನ ಸ್ಥಿತಿಯು ದುಡಿದುಣ್ಣುವ ಅತ್ಯಂತ ಬಡ ಕೂಲಿಯ ಸ್ಥಿತಿಗಿಂತ ಕೀಳಾಗಿರಬೇಕೆಂಬುದು ಈ ವ್ಯವಸ್ಥೆಯ ಮೂಲತತ್ತ್ವ. ದುಡಿಯಬಲ್ಲವನನ್ನು ಬೆದರಿಸಿ ದುಡಿಮೆಗೆ ಹಚ್ಚುವುದೇ ಅದರ ಗುರಿ.

ಆದರೆ ಜ್ವರದಿಂದ ನರಳುವವನನ್ನು ಬೆದರಿಸಿ ಏನು ಫಲ? ಈ ಪ್ರಶ್ನೆಗೆ ೧೮೩೪ರ ತತ್ತ್ವದಲ್ಲಿ ಸಮಾಧಾನವಿರಲಿಲ್ಲ. ಬಡ ರೋಗಿಯು ಒಕ್ಕೂಟದ ವೈದ್ಯನನ್ನು ಕಾಣಬೇಕಾದರೆ ಸಾಮಾನ್ಯವಾಗಿ ಮೊದಲು ಪರಿಹಾರಾಧಿಕಾರಿಯಿಂದ ಚೀಟಿ ಪಡೆಯಬೇಕು. ಎಂದರೆ ತಾನು ದರಿದ್ರನೆಂದು ಒಪ್ಪಿಕೊಳ್ಳಬೇಕು. ವೈದ್ಯನಾದರೋ ಅನೇಕ ಕಡೆಗಳಲ್ಲಿ ತನ್ನ ಅಲ್ಪ ಸಂಬಳದಿಂದಲೇ ಔಷಧಗಳನ್ನೂ ಒದಗಿಸಬೇಕಾಗಿದ್ದಿತು. ಇದರ ಮೇಲೆ, ೧೮೩೨ರ ಸುಧಾರಣಾ ಶಾಸನದ ಪ್ರಕಾರ ಹಿಂದಿನ ಹನ್ನೆರಡು ತಿಂಗಳೊಳಗೆ ಪ್ಯಾರಿಷ್ ಪರಿಹಾರ ಪಡೆದವನಿಗೆ ಪಟ್ಟಣ ಕ್ಷೇತ್ರಗಳಲ್ಲಿ ಮತಾಧಿಕಾರವಿರಲಿಲ್ಲ. ಒಂದು ಸೀಸೆ ಔಷಧದ ಬೆಲೆ ನಾಗರಿಕತ್ವದ ಒಂದು ಹಕ್ಕಾಗಿ ಪರಿಣಮಿಸಬಹುದಾಗಿದ್ದಿತು.

ಈ ಗೋಡೆಯಲ್ಲಿ ಮೊದಲ ಬಿರುಕನ್ನು ಮಾಡಿದುದು ಕರುಣೆಯಲ್ಲ, ಸೋಂಕಿನ ಭಯ. ೧೮೪೦ರ ಶಾಸನವು ಸಿಡುಬಿನ ಲಸಿಕೆಯ ಕೆಲಸವನ್ನು ಪಾಲಕ ಮಂಡಳಿಗಳಿಗೆ ಒಪ್ಪಿಸಿತು. ಮರುವರ್ಷದ ತಿದ್ದುಪಡಿಯು ಲಸಿಕೆಯನ್ನು ದರಿದ್ರ ಪರಿಹಾರವೆಂದು ಎಣಿಸಕೂಡದೆಂದು ವಿಧಿಸಿತು. ೧೮೬೭ರಲ್ಲಿ ಗ್ಯಾಥಾರ್ನ್ ಹಾರ್ಡಿಯು ಮಂಡಿಸಿದ ಲಂಡನ್ನಿನ ಶಾಸನವು ಸಿಡುಬು, ಜ್ವರ, ಬುದ್ಧಿವಿಕಲತೆಗಳಿಗೆ ಒಳಗಾದ ಬಡವರಿಗಾಗಿ ಪ್ರತ್ಯೇಕ ಆಸ್ಪತ್ರೆಗಳನ್ನು ಸ್ಥಾಪಿಸಲು ಅವಕಾಶವಿತ್ತು, ಅವುಗಳ ವೆಚ್ಚವನ್ನು ನಗರದ ಶ್ರೀಮಂತ ಭಾಗಗಳೂ ಹೊರುವಂತೆ ಒಂದು ಸಾಮಾನ್ಯ ನಿಧಿಯನ್ನು ಏರ್ಪಡಿಸಿತು. ೧೮೮೩ರಲ್ಲಿ ಆ ಆಸ್ಪತ್ರೆಗಳ ಪ್ರವೇಶವೂ ದರಿದ್ರ ಪರಿಹಾರವಲ್ಲವೆಂದು ನಿರ್ಣಯವಾಯಿತು. ಸಿಡುಬು ಬಡವನ ಬೀದಿಯಲ್ಲೇ ನಿಲ್ಲುವುದಿಲ್ಲವೆಂಬುದನ್ನು ಶಾಸನಕರ್ತರು ಅರಿತಿದ್ದರು.

ಎರಡನೆಯ ಬಿರುಕಿಗೆ ಕಾರಣ ಮತಾಧಿಕಾರದ ವಿಸ್ತರಣೆ. ೧೮೬೭ರಲ್ಲಿ ಪಟ್ಟಣದ ಕಾರ್ಮಿಕರಲ್ಲಿ ಬಹುಮಂದಿಗೂ ೧೮೮೪ರಲ್ಲಿ ಹಳ್ಳಿಯ ಕೂಲಿಗಾರ ಗೃಹಸ್ಥರಿಗೂ ಮತ ದೊರೆತ ಮೇಲೆ, ಮಗುವಿಗೆ ಔಷಧ ತಂದ ತಂದೆಯು ಮತವನ್ನು ಕಳೆದುಕೊಳ್ಳುವುದು ರಾಜಕೀಯವಾಗಿಯೂ ಸಹಿಸಲಾಗದ ವಿಷಯವಾಯಿತು. ೧೮೮೫ರ ಶಾಸನವು ಕೇವಲ ವೈದ್ಯಕೀಯ ಪರಿಹಾರ ಪಡೆದವರ ಪಾರ್ಲಿಮೆಂಟರಿ ಮತಾಧಿಕಾರವನ್ನು ಉಳಿಸಿಕೊಟ್ಟಿತು. ಅನ್ನ ಬೇಡಿದವನಿಗೆ ಮಾತ್ರ ಆ ಅನರ್ಹತೆ ೧೯೧೮ರವರೆಗೂ ತಪ್ಪಲಿಲ್ಲ.

ಆದರೂ ಆಡಳಿತದ ಹಳೆಯ ಕಟ್ಟು ಉಳಿದಿತ್ತು. ೧೯೦೫ರಲ್ಲಿ ನೇಮಕವಾದ ರಾಯಲ್ ಕಮಿಷನ್ನಿನ ಅಲ್ಪಮತದ ವರದಿಯಲ್ಲಿ (೧೯೦೯) ಬಿಯಾಟ್ರಿಸ್ ವೆಬ್ ಮತ್ತು ಆಕೆಯ ಸಂಗಡಿಗರು ಆ ಕಟ್ಟನ್ನೇ ಒಡೆಯಬೇಕೆಂದು ವಾದಿಸಿದರು: ರೋಗಿಯು ಆರೋಗ್ಯಾಧಿಕಾರಿಗೆ ಸೇರಲಿ, ಬಾಲಕನು ಶಿಕ್ಷಣಾಧಿಕಾರಿಗೆ ಸೇರಲಿ, ದಾರಿದ್ರ್ಯವೆಂಬ ಒಂದೇ ಹಣೆಪಟ್ಟಿ ಎಲ್ಲರಿಗೂ ಬೇಡ ಎಂಬುದು ಅವರ ನಿಲುವಿನ ಸಾರ. ಒಡನೆಯೇ ಅದು ಕೈಗೂಡಲಿಲ್ಲ. ೧೯೧೯ರಲ್ಲಿ ಆರೋಗ್ಯ ಮಂತ್ರಿಶಾಖೆ ಸ್ಥಾಪಿತವಾಯಿತು. ೧೯೨೯ರ ಸ್ಥಳೀಯಾಡಳಿತ ಶಾಸನವು ೧೯೩೦ರ ಏಪ್ರಿಲ್ ೧ರಿಂದ ಪಾಲಕ ಮಂಡಳಿಗಳನ್ನು ರದ್ದುಗೊಳಿಸಿ ಅವುಗಳ ಕಾರ್ಯವನ್ನು ಕೌಂಟಿ ಮತ್ತು ಕೌಂಟಿ ಬರೋ ಸಭೆಗಳಿಗೆ ವಹಿಸಿತು. ಕೊನೆಗೆ ೧೯೪೮ರ ಜುಲೈ ೫ರಂದು ರಾಷ್ಟ್ರೀಯ ಆರೋಗ್ಯ ಸೇವೆಯೂ ರಾಷ್ಟ್ರೀಯ ಸಹಾಯ ಶಾಸನವೂ ಒಂದೇ ದಿನ ಜಾರಿಗೆ ಬಂದವು. ದರಿದ್ರ ಪರಿಹಾರ ಶಾಸನ ಅಂದಿಗೆ ಮುಗಿಯಿತು.

ಈ ವೃತ್ತಾಂತವನ್ನು ದಯೆಯ ಏಕಮುಖ ಪ್ರಗತಿಯೆಂದು ಬಣ್ಣಿಸುವುದು ರೂಢಿ. ಅದು ಪೂರ್ಣ ಸತ್ಯವಲ್ಲ. ಭಯ, ಮತ, ತೆರಿಗೆಯ ಹಂಚಿಕೆ—ಇವು ದಯೆಯಷ್ಟೇ ಬಲವಾಗಿ ಕೆಲಸಮಾಡಿದವು. ಇನ್ನೊಂದು ಮಾತು: ಇಲ್ಲಿ ಹೆಚ್ಚಾಗಿ ಬದಲಾದುದು ಔಷಧವಲ್ಲ, ಔಷಧವನ್ನು ಬೇಡುವವನ ಸ್ಥಾನ. ಯಾವ ಕಾಲದ, ಯಾವ ದೇಶದ ಆರೋಗ್ಯ ಶಾಸನವನ್ನು ಓದುವಾಗಲೂ ವಿದ್ಯಾರ್ಥಿಯು ಆಸ್ಪತ್ರೆಗಳ ಸಂಖ್ಯೆಯನ್ನು ಎಣಿಸುವುದರ ಜೊತೆಗೆ, ಅವುಗಳ ಬಾಗಿಲಲ್ಲಿ ಬಡವನು ಏನನ್ನು ಒಪ್ಪಿಸಿ ಒಳಹೊಗಬೇಕಾಗಿದ್ದಿತೆಂಬುದನ್ನೂ ವಿಚಾರಿಸತಕ್ಕದ್ದು.