ಅರಮನೆಯ ಅಂಗಳ, ನೀರುಗಂಟಿಯ ಜಮೀನು

ಅರಮನೆಯ ಚರಿತ್ರೆ ಬರೆದವರಲ್ಲಿ ಬಹಳ ಮಂದಿ ಕಟ್ಟಡದ ಚರಿತ್ರೆ ಬರೆದಿದ್ದಾರೆ. ಕಂಬ ಎಷ್ಟು, ಗುಮ್ಮಟ ಎಷ್ಟು, ಅಂಬಾರಿಗೆ ಬಿದ್ದ ಚಿನ್ನ ಎಷ್ಟು ಅಂತ ಲೆಕ್ಕ ಕೊಟ್ಟಿದ್ದಾರೆ. ಅರಮನೆಯ ಸುತ್ತ ಇರುವ ಬಯಲಿನ ಬಗ್ಗೆ, ತೋಟದ ಬಗ್ಗೆ ಕೇಳಿದರೆ ಎರಡು ಸಾಲಿಗೆ ಮಾತು ಮುಗಿಯುತ್ತದೆ. ಬಯಲಿಗೆಂಥ ಚರಿತ್ರೆ ಅಂತಾರೆ. ಇದು ನೆಲ ಇದ್ದವರ ಮಾತು. ನೆಲ ಇಲ್ಲದವರಿಗೆ ಚರಿತ್ರೆ ಅಂದರೆ ಮೊದಲು ನೆಲದ್ದೇ.

ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಬೆಂಕಿಗೆ ಆಹುತಿಯಾಯಿತು. ಈಗಿನ ಅರಮನೆಯನ್ನು ಹೆನ್ರಿ ಇರ್ವಿನ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿಯ ನಕ್ಷೆಯಂತೆ ಕಟ್ಟಿ 1912ಕ್ಕೆ ಮುಗಿಸಿದರು. ಖರ್ಚು 41 ಲಕ್ಷ ರೂಪಾಯಿಗೂ ಮೇಲೆ. ಇದು ಪಠ್ಯಪುಸ್ತಕದಲ್ಲಿದೆ. ಪಠ್ಯದಲ್ಲಿಲ್ಲದ್ದು ಇದು: ಆ ಕೋಟೆಯ ಒಳಗೆ ಹಿಂದೆ ಬಯಲಿರಲಿಲ್ಲ. ಮನೆಗಳು ಒಂದಕ್ಕೊಂದು ಅಂಟಿಕೊಂಡು ಕಿಕ್ಕಿರಿದಿದ್ದವು. ಅರಮನೆಯ ಊಳಿಗದವರು, ಆಶ್ರಿತರು ಅಲ್ಲೇ ಬಾಳಿದರು. ಹತ್ತೊಂಬತ್ತನೇ ಶತಮಾನದ ಕೊನೆ, ಇಪ್ಪತ್ತನೆಯದರ ಶುರುವಿನಲ್ಲಿ ಆ ಮನೆಗಳನ್ನು ತೆಗೆಸಿ, ಜನರನ್ನು ಆಚೆಗೆ ಸಾಗಿಸಿ ನೆಲ ಬೋಳಿಸಲಾಯಿತು. 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗು ಬಂತು. 1903ರಲ್ಲಿ ನಗರ ಸುಧಾರಣೆಗೆ ಟ್ರಸ್ಟ್ ಬೋರ್ಡು ಹುಟ್ಟಿತು. ಗಾಳಿ, ಬೆಳಕು, ಆರೋಗ್ಯ ಅನ್ನುವ ಹೊಸ ಮಾತುಗಳು ಬಂದವು. ಆ ಮಾತುಗಳು ಸುಳ್ಳಲ್ಲ. ಆದರೆ ಕೋಟೆಯೊಳಗಿನ ಗಾಳಿ ಬೆಳಕು ಕೊನೆಗೆ ಒಂದೇ ಮನೆಯ ಪಾಲಾಯಿತು. ದೂರದಿಂದ ನೋಡಿದವರ ಕಣ್ಣಿಗೆ ಅರಮನೆಯೊಂದೇ ತುಂಬಿಕೊಳ್ಳಬೇಕಾದರೆ ನಡುವೆ ಬಡವರ ಸೂರು ಇರಬಾರದಲ್ಲ! ಖಾಲಿ ಜಾಗ ತಾನಾಗಿ ಹುಟ್ಟಿದ್ದಲ್ಲ, ಮಾಡಿದ್ದು.

ಆಮೇಲೆ ಹುಲ್ಲು ಬಂತು, ಹೂವು ಬಂತು. ಸಂಸ್ಥಾನದ ತೋಟಗಳ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್ ಹೆಸರು ನಮಗೆ ಗೊತ್ತು. ಲಾಲ್‌ಬಾಗಿನಿಂದ ಬೃಂದಾವನದ ತನಕ ಅವನ ಗುರುತಿದೆ, ಅದು ದೊಡ್ಡ ಕೆಲಸವೇ. 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ವಹಿಸಲು ಬಂದ ವೈಸರಾಯಿ ಕರ್ಜನ್ನನ ಹೆಸರು ಅರಮನೆಯ ಮಗ್ಗುಲಿನ ಪಾರ್ಕಿಗೆ ಅಂಟಿಕೊಂಡಿತು. ಒಂದು ಸಲ ಬಂದು ಹೋದವನ ಹೆಸರು ಉಳಿಯಿತು. ದಿನಾ ಬಗ್ಗಿ ಕಳೆ ಕಿತ್ತವರ, ಗುಂಡಿ ತೋಡಿದವರ, ಬಿಂದಿಗೆಯಲ್ಲಿ ನೀರು ಹೊತ್ತವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಅರಮನೆಯ ಅಂಗಳದಲ್ಲಿ ಗುಡಿಗಳ ಸಾಲೇ ಇದೆ. ಶ್ವೇತವರಾಹ, ತ್ರಿನೇಶ್ವರ, ಕೋಡಿಭೈರವ. 1948ರಲ್ಲಿ ದೇವಾಲಯ ಪ್ರವೇಶದ ಕಾನೂನು ಬರುವ ತನಕ ನಮ್ಮವರಿಗೆ ಅಂಥ ಗುಡಿಗಳ ಹೊಸ್ತಿಲು ತುಳಿಯುವ ಹಕ್ಕು ಕಾನೂನಿನಲ್ಲೇ ಇರಲಿಲ್ಲ.

ಈಗ ನಮ್ಮ ಕಡೆಗೆ ಬನ್ನಿ. ನಂಜನಗೂಡಿನಲ್ಲಿ ಕಪಿಲೆ, ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿಗಳ ಕೂಡಲು. ಅರಮನೆ ನಮ್ಮ ಸೀಮೆಗೆ ಕೊಟ್ಟದ್ದೇನು ಅಂದರೆ ಮೊದಲು ನಂಜುಂಡೇಶ್ವರನ ಗೋಪುರ ತೋರಿಸುತ್ತಾರೆ. 1845ರಲ್ಲಿ ಮುಮ್ಮಡಿಯವರ ರಾಣಿ ಕಟ್ಟಿಸಿದ್ದು. ಗೋಪುರ ಎತ್ತರವಾಗಿದೆ, ಕೇರಿಯಿಂದಲೂ ಕಾಣುತ್ತದೆ. ಕಾಣುವುದಕ್ಕೆ ಅಡ್ಡಿಯಿರಲಿಲ್ಲ. ಹುಲ್ಲಹಳ್ಳಿ ನಾಲೆ, ರಾಂಪುರ ನಾಲೆ, ತಲಕಾಡಿನ ಕಡೆಯ ಮಾಧವಮಂತ್ರಿ ನಾಲೆ ಇವುಗಳ ಕೆಳಗೆ ನೂರಾರು ವರ್ಷದಿಂದ ಭತ್ತ ಬೆಳೆದಿದೆ. ಆ ನೀರನ್ನು ಗದ್ದೆ ಗದ್ದೆಗೆ ತಿರುಗಿಸುತ್ತಿದ್ದವನು ನೀರುಗಂಟಿ. ನಮ್ಮ ಕೇರಿಯವನು. ಯಾವ ಗದ್ದೆಗೆ ಯಾವ ಜಾವದಲ್ಲಿ ಎಷ್ಟು ನೀರು ಅನ್ನುವುದು ಅವನ ತಲೆಯಲ್ಲಿತ್ತು. ಕ್ರುಂಬಿಗಲ್‌ನಿಗೆ ಗಿಡದ ವಿದ್ಯೆ ಗೊತ್ತಿದ್ದ ಹಾಗೆ ಇವನಿಗೆ ನೀರಿನ ವಿದ್ಯೆ ಗೊತ್ತಿತ್ತು. ಅವನದಕ್ಕೆ ವಿಜ್ಞಾನ ಅಂದರು, ಇವನದಕ್ಕೆ ಚಾಕರಿ ಅಂದರು. ಚಾಕರಿಗೆ ಪ್ರತಿಯಾಗಿ ತುಂಡು ಮಾನ್ಯದ ಜಮೀನು, ಸುಗ್ಗಿಯಲ್ಲಿ ಕಣದ ಕಾಳು. ಊರಿಗೆಲ್ಲ ನೀರು ಬಿಟ್ಟವನ ಲೋಟಕ್ಕೆ ಮಾತ್ರ ನೀರನ್ನು ಮೇಲಿನಿಂದ ಸುರಿದರು.

ನಾಲ್ವಡಿ ಕೃಷ್ಣರಾಜರನ್ನು ಇದೇ ತಕ್ಕಡಿಗೆ ಹಾಕಿ ತೂಗಿ ಮುಗಿಸಬಾರದು. 1918ರ ಮಿಲ್ಲರ್ ಸಮಿತಿ ಬ್ರಾಹ್ಮಣೇತರರಿಗೆ ನೌಕರಿಯ ಬಾಗಿಲು ತೆರೆಯುವ ದಾರಿ ಮಾಡಿತು. ಅದರ ನೆರಳಿನಲ್ಲಿ ನಮ್ಮವರಲ್ಲೂ ಕೆಲವರು ಅಕ್ಷರ ಕಂಡರು. ನೆನೆಯೋಣ. ಆದರೆ ಅಕ್ಷರಕ್ಕೆ ಕೃತಜ್ಞತೆ ಹೇಳುತ್ತಾ ನೆಲದ ಪ್ರಶ್ನೆ ನುಂಗಿಕೊಳ್ಳುವುದು ಬೇಡ. ನಂಜನಗೂಡಿನಿಂದ ರೈಲು ಹತ್ತಿದರೆ ಮೈಸೂರಿಗೆ ಮುಂಚೆ ಅಶೋಕಪುರಂ ಬರುತ್ತದೆ. ಆ ಕೇರಿಗೆ ಹಿಂದೆ ಆದಿಕರ್ನಾಟಕಪುರ ಅಂತ ಹೆಸರು. ಹೆಸರು ಬದಲಿಸಿಕೊಳ್ಳುವುದಕ್ಕೂ ಒಂದು ಜನ ಎದ್ದು ನಿಲ್ಲಬೇಕಾಗುತ್ತದೆ.

1961ರಲ್ಲಿ ಗ್ರಾಮ ಚಾಕರಿ ರದ್ದಿನ ಕಾನೂನು ಬಂತು. 1971ರಲ್ಲಿ ರಾಜಧನ ಹೋಯಿತು. ಮೈಸೂರಿಗೆ ಅದು ವರ್ಷಕ್ಕೆ 26 ಲಕ್ಷ ಇತ್ತು. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ. 1978ರಲ್ಲಿ ದಲಿತರಿಗೆ ಮಂಜೂರಾದ ಜಮೀನು ಪರಭಾರೆ ಆಗದಂತೆ ತಡೆಯುವ, ಆಗಿದ್ದನ್ನು ವಾಪಸು ಕೊಡಿಸುವ ಪಿ.ಟಿ.ಸಿ.ಎಲ್. ಕಾನೂನು. ಮಗಳ ಮದುವೆಗೋ ಕಾಹಿಲೆಗೋ ಚೂರು ಕಾಸಿಗೆ ಹೋದ ಜಮೀನನ್ನು ಕೇಳಲು ನಮ್ಮವರು ಸಾಗುವಳಿ ಚೀಟಿ ಹಿಡಿದು ಎ.ಸಿ. ಆಫೀಸಿಗೆ ಅಲೆದರು. 2017ರಲ್ಲಿ ಸುಪ್ರೀಂ ಕೋರ್ಟು, ಇಪ್ಪತ್ತೈದು ವರ್ಷ ತಡವಾಗಿ ಬಂದಿದ್ದೀರಿ ಅಂತ ಒಂದು ಕೇಸಿನಲ್ಲಿ ಹೇಳಿತು. ಅದನ್ನು ಮುಂದಿಟ್ಟು ಎಷ್ಟೋ ಅರ್ಜಿಗಳು ಬಿದ್ದುಹೋದವು. ಹೋರಾಟ ನಡೆಯಿತು. 2023ರಲ್ಲಿ ತಿದ್ದುಪಡಿಯಾಗಿ ಕಾಲಮಿತಿಯ ಮಾತು ತೆಗೆದರು.

ಇದರ ಪಕ್ಕಕ್ಕೆ ಬೆಂಗಳೂರು ಅರಮನೆಯ ಮೈದಾನ ಇಟ್ಟು ನೋಡಿ. ಆ ಸ್ವತ್ತನ್ನು 1873ರಲ್ಲಿ ಬಾಲಕ ಚಾಮರಾಜ ಒಡೆಯರಿಗಾಗಿ 40 ಸಾವಿರ ರೂಪಾಯಿಗೆ ಕೊಂಡರು. ಮೂರೇ ವರ್ಷಕ್ಕೆ ಮಹಾಕ್ಷಾಮ ಬಂತು. 1871ರಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದರು. ಮೈದಾನ ಉಳಿಯಿತು. 472 ಎಕರೆಯ ಆ ನೆಲವನ್ನು 11 ಕೋಟಿಗೆ ವಶಕ್ಕೆ ತೆಗೆದುಕೊಳ್ಳಲು 1996ರಲ್ಲಿ ಸರ್ಕಾರ ಕಾನೂನು ಮಾಡಿತು. ಕೇಸು ಕೋರ್ಟಿಗೆ ಹೋಗಿ ಕಾಲು ಶತಮಾನ ದಾಟಿತು. 2024ರ ಕೊನೆಗೆ, ರಸ್ತೆಗೆ ಬೇಕಾದ 16 ಎಕರೆಗಿಂತ ಕಮ್ಮಿ ನೆಲಕ್ಕೆ ಸುಮಾರು 3,000 ಕೋಟಿ ಬೆಲೆಯ ಅಭಿವೃದ್ಧಿ ಹಕ್ಕು ಕೊಡಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ತಪ್ಪಿಸಿಕೊಳ್ಳಲು ಸರ್ಕಾರ 2025ರಲ್ಲಿ ಮತ್ತೊಂದು ಕಾನೂನಿಗೆ ಕೈಹಾಕಿತು. ಅರಮನೆಯ ನೆಲ ಕಾಯುತ್ತಾ ಹೋದಷ್ಟೂ ಬೆಲೆ ಏರಿತು. ನೀರುಗಂಟಿಯ ಮೊಮ್ಮಗ ಕಾದಷ್ಟೂ ಅವನ ಹಕ್ಕು ಸವೆಯಿತು. ಕಾಲ ಎಲ್ಲರಿಗೂ ಒಂದೇ ಅಂದವರು ಯಾರು?

ಹಳ್ಳಿ ಮೇಷ್ಟ್ರುಗಳಲ್ಲಿ ಒಂದು ಮಾತು. ಮಕ್ಕಳನ್ನು ಅರಮನೆಗೆ ಖಂಡಿತ ಕರೆದುಕೊಂಡು ಹೋಗಿ. ಚಂದವನ್ನು ನೋಡಲಿ, ಅದನ್ನು ಮಾಡಿದ ಕೈ ನಮ್ಮಂಥವರದೇ. ಒಳಗೆ ಹೋಗುವ ಮುಂಚೆ ಅಂಗಳದಲ್ಲಿ ಒಂದು ಗಳಿಗೆ ನಿಲ್ಲಿಸಿ, ಇಲ್ಲಿ ಮೊದಲು ಯಾರ ಮನೆಯಿತ್ತು ಅಂತ ಕೇಳಿ. ವಿದ್ಯಾರ್ಥಿ ಗೆಳೆಯರು ರಜೆಯಲ್ಲಿ ಊರಿಗೆ ಹೋದಾಗ ಟ್ರಂಕಿನ ತಳದಲ್ಲಿರುವ ಸಾಗುವಳಿ ಚೀಟಿ ತೆಗೆದು, ಸರ್ವೆ ನಂಬರು ಓದಿ, ಈಗಿನ ಪಹಣಿಯಲ್ಲಿ ಯಾರ ಹೆಸರಿದೆ ನೋಡಲಿ. ಅರಮನೆಯ ಚರಿತ್ರೆಗೆ ಪುಸ್ತಕಗಳಿವೆ. ನಮ್ಮದಕ್ಕೆ ಸದ್ಯ ಆ ಚೀಟಿಯೇ ಮೊದಲ ಪುಟ.