ನಾಲ್ಕು ಗಾಲಿಗಳ ಎಳೆತವುಳ್ಳ ಲಾರಿಯೂ ಅದರ ಜೀರ್ಣೋದ್ಧಾರವೂ

ಹವಳಗಾ ಗ್ರಾಮವು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನಲ್ಲಿ, ಭೀಮಾನದಿಯ ಸೀಮೆಗೆ ಸೇರಿದುದು. ಈ ಸೀಮೆಯ ನೆಲವು ಎರೆನೆಲ. ಬೇಸಗೆಯಲ್ಲಿ ಅದು ಕೈ ಇಳಿಯುವಷ್ಟು ಬಿರಿಯುವುದು. ಮಳೆ ಬಿದ್ದಿತೆಂದರೆ ನೀರನ್ನು ಹೀರಿ ಉಬ್ಬುವುದು, ಅಂಟಾಗುವುದು. ಕಾಲಿಟ್ಟವನ ಕೆರ ಮಣ್ಣಿನಲ್ಲಿಯೇ ಉಳಿಯುವುದುಂಟು. ಬಂಡಿಯ ಗಾಲಿಗೆ ಮೆತ್ತಿದ ಮಣ್ಣು ಸುತ್ತಿಗೆ ಸುತ್ತಿ ದಪ್ಪವಾಗಿ, ಕಡೆಗೆ ಗಾಲಿಯೇ ತಿರುಗದಂತಾಗುವುದು. ಜೋಳ, ತೊಗರಿಗಳನ್ನು ಧಾರಾಳವಾಗಿ ಕೊಡುವ ಈ ಮಣ್ಣು ದಾರಿಯನ್ನು ಮಾತ್ರ ಸುಲಭವಾಗಿ ಕೊಡುವುದಿಲ್ಲ. ಸಕ್ಕರೆ ಕಾರಖಾನೆ ಬಂದ ಬಳಿಕ ಹವಳಗಾದ ದಾರಿಗಳಲ್ಲಿ ಕಬ್ಬು ಹೇರಿದ ವಾಹನಗಳ ಸಂಚಾರ ಹೆಚ್ಚಿತು. ಆದರೆ ಹೊಲದೊಳಗಿಂದ ರಸ್ತೆಗೆ ಬರುವ ಆ ಮೊದಲ ನೂರು ಮಾರು ಹಾದಿಯ ಕಷ್ಟ ಹಿಂದಿನಂತೆಯೇ ಉಳಿದಿರುವುದು. ಇಂಥ ನೆಲದ ಮೇಲೆ ನಿಂತು ನೋಡಿದಾಗ, ನಾಲ್ಕು ಗಾಲಿಗಳಿಗೂ ಎಳೆತವುಳ್ಳ ಲಾರಿಯೆಂಬ ಯಂತ್ರವು ಏಕೆ ಹುಟ್ಟಿತು, ಅದನ್ನು ಉಳಿಸಿಕೊಳ್ಳುವುದು ಏಕೆ ಯೋಗ್ಯ, ಎಂಬ ಎರಡು ಪ್ರಶ್ನೆಗಳೂ ತಾವಾಗಿ ಎದುರಾಗುವುವು.

ಎತ್ತಿನ ಬಂಡಿಯನ್ನು ಮುಂದಿನಿಂದ ಎಳೆಯಲಾಗುವುದು. ಸಾಮಾನ್ಯ ಲಾರಿಯಾದರೋ ಹಿಂದಿನ ಗಾಲಿಗಳ ಬಲದಿಂದ ನಡೆಯುವುದು. ಅದರ ಮುಂದಿನ ಗಾಲಿಗಳು ದಿಕ್ಕನ್ನು ತೋರಿಸುವುವೇ ಹೊರತು ಎಳೆಯುವುದಿಲ್ಲ. ಗಟ್ಟಿ ರಸ್ತೆಯಲ್ಲಿ ಇದರಿಂದ ತೊಂದರೆಯಿಲ್ಲ. ಕೆಸರಿನಲ್ಲಿ ಮಾತ್ರ ಮುಂದಿನ ಗಾಲಿಗಳು ಮಣ್ಣನ್ನು ತಮ್ಮ ಮುಂದೆಯೇ ಒಡ್ಡುಗೂಡಿಸುತ್ತ ಹೋಗುವುವು. ಹಿಂದಿನವು ಇದ್ದಲ್ಲಿಯೇ ತಿರುಗಿ ತಮ್ಮ ಕುಣಿಯನ್ನು ತಾವೇ ತೋಡಿಕೊಳ್ಳುವುವು. ಮುಂದಿನ ಗಾಲಿಗಳಿಗೂ ಇಂಜಿನಿನ ಬಲವನ್ನು ಕೊಟ್ಟರೆ ಅವು ಆ ಒಡ್ಡನ್ನು ಏರಿ ದಾಟುವುವು, ಮತ್ತು ಲಾರಿಯ ಇಡಿಯ ಭಾರವೂ ಎಳೆತಕ್ಕೆ ಉಪಯೋಗವಾಗುವುದು. ದೊಡ್ಡ ನೇಗಿಲಿಗೆ ಒಂದು ಜೋಡಿ ಸಾಲದಾದಾಗ ಮತ್ತೊಂದು ಜೋಡಿ ಎತ್ತನ್ನು ಮುಂದೆ ಹೂಡುವ ಒಕ್ಕಲಿಗನಿಗೆ ಈ ತತ್ತ್ವವನ್ನು ವಿವರಿಸಬೇಕಾದುದಿಲ್ಲ.

ಈ ವಿಚಾರವು ಮೊದಲು ಮೂಡಿದ್ದು ಉಗಿಯಂತ್ರದ ಕಾಲದಲ್ಲಿ. ಇಂಗ್ಲಂಡಿನ ಬ್ರಾಮಾ ಜೋಸೆಫ್ ಡಿಪ್ಲಾಕ್ ಎಂಬ ಇಂಜಿನಿಯರನು 1893ರಲ್ಲಿ ನಾಲ್ಕು ಗಾಲಿಗಳಿಗೂ ಚಾಲನೆಯುಳ್ಳ ಉಗಿ ಎಳೆಯಂತ್ರಕ್ಕೆ ಪೇಟೆಂಟು ಪಡೆದನು. 1903ರಲ್ಲಿ ಹಾಲಂಡಿನ ಸ್ಪೈಕರ್ ಸಂಸ್ಥೆಯು ಇದೇ ತತ್ತ್ವದ ಮೇಲೆ ಓಟದ ಕಾರೊಂದನ್ನು ರಚಿಸಿತು. ಆದರೆ ಅದನ್ನು ಹೊರೆ ಹೊರುವ ಲಾರಿಗೆ ಒಗ್ಗಿಸಿ ಬಳಕೆಗೆ ತಂದವರಲ್ಲಿ ಅಮೇರಿಕದ ವಿಸ್ಕಾನ್ಸಿನ್ ಪ್ರಾಂತದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನ ಆಟೋ ಜಾಕೋ, ವಿಲಿಯಂ ಬೆಸರ್‌ಡಿಕ್ ಎಂಬಿಬ್ಬರು ಮುಖ್ಯರು. ಅವರು ಊರಿನ ಯಂತ್ರದ ಅಂಗಡಿಯಲ್ಲಿ ಕಬ್ಬಿಣದ ಕೆಲಸ ಮಾಡುತ್ತಿದ್ದವರು. 1908-09ರ ಸುಮಾರಿಗೆ ಅಲ್ಲಿಯೇ, ಸುತ್ತಿಗೆ-ಅರಗಳ ನಡುವೆ, ತಮ್ಮ ಯಂತ್ರವನ್ನು ರೂಪಿಸಿದರು. 1913ರಲ್ಲಿ ಅದೇ ಪ್ರಾಂತದ ಕೆನೋಶಾದಲ್ಲಿ ಜೆಫ್ರಿ ಸಂಸ್ಥೆಯ ಕ್ವಾಡ್ ಲಾರಿ ಹೊರಬಂದಿತು. ಅದರ ನಾಲ್ಕು ಗಾಲಿಗಳೂ ಎಳೆಯುತ್ತಿದ್ದುವಲ್ಲದೆ ನಾಲ್ಕೂ ತಿರುಗುತ್ತಿದ್ದುವು. ಮರುವರ್ಷವೇ ಮೊದಲನೆಯ ಮಹಾಯುದ್ಧವು ಆರಂಭವಾಗಿ, ಫ್ರಾನ್ಸಿನ ಕೆಸರಿನಲ್ಲಿ ಈ ಎರಡೂ ಬಗೆಯ ಲಾರಿಗಳ ಪರೀಕ್ಷೆ ನಡೆಯಿತು.

ಎರಡನೆಯ ಮಹಾಯುದ್ಧದಲ್ಲಿ ಈ ವಾಹನವು ಅಸಂಖ್ಯವಾಯಿತು. ಅಮೇರಿಕವು ಜೀಪು ಮತ್ತು ಡಾಜ್ ಲಾರಿಗಳನ್ನು ಕಟ್ಟಿತು. ಬ್ರಿಟಿಷ್ ಸಾಮ್ರಾಜ್ಯದ ಸೈನ್ಯಗಳಿಗಾಗಿ ಕೆನಡಾ ದೇಶದ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಕಾರಖಾನೆಗಳು ಒಂದೇ ಮಾದರಿಯ ಲಾರಿಗಳನ್ನು ತಯಾರಿಸಿದುವು. ಯುದ್ಧದ ವರ್ಷಗಳಲ್ಲಿ ಕೆನಡಾ ಕೊಟ್ಟ ಸೈನಿಕ ವಾಹನಗಳು ಎಲ್ಲ ಬಗೆಯವೂ ಸೇರಿ 8 ಲಕ್ಷವನ್ನು ಮೀರಿದುವು. ಮೊಂಡು ಮೂಗಿನ, ಬಲಗಡೆ ಚುಕ್ಕಾಣಿಯ ಈ ಲಾರಿಗಳಲ್ಲಿ ಷೆವ್ರೊಲೆಯ 6 ಕೊಳವೆಯ, 85 ಅಶ್ವಶಕ್ತಿಯ ಇಂಜಿನೋ ಫೋರ್ಡಿನ 8 ಕೊಳವೆಯ, 95 ಅಶ್ವಶಕ್ತಿಯ ಇಂಜಿನೋ ಇರುತ್ತಿತ್ತು. ಭಾರತಕ್ಕೂ ಇವು ಬಂದುವು. ಫೋರ್ಡಿನ ಇಂಥ ಚೌಕಟ್ಟುಗಳ ಮೇಲೆ ಜಮ್‌ಷೇದ್‌ಪುರದ ಉಕ್ಕಿನ ಹಲಗೆಯನ್ನು ಹೊದಿಸಿ ಕಟ್ಟಿದ ಕವಚವಾಹನಗಳಿಗೆ ಸಿಪಾಯಿಗಳು ಟಾಟಾನಗರ ಎಂದೇ ಹೆಸರಿಟ್ಟಿದ್ದರು.

ಯುದ್ಧವು ಮುಗಿದ ಮೇಲೆ ಈ ಸಾಮಗ್ರಿ ಬೇಡವಾಯಿತು. 1946ರ ಒಪ್ಪಂದದಂತೆ ಅಮೇರಿಕದ ಸೈನ್ಯವು ಇಲ್ಲಿ ಬಿಟ್ಟುಹೋದ ಸರಂಜಾಮೂ ಭಾರತ ಸರ್ಕಾರದ ವಶಕ್ಕೆ ಬಂದಿತು. ಲಾರಿಗಳು ಹರಾಜಿಗೆ ನಿಂತುವು. ಕೊಂಡವರು ಅವುಗಳಿಗೆ ಮರದ ತೊಟ್ಟಿಯನ್ನು ಕಟ್ಟಿಸಿ, ಕೊಡಗು-ಮಲೆನಾಡುಗಳ ಕಾಡುಗಳಲ್ಲಿ ದಿಮ್ಮಿ ಎಳೆಯಲು ಹಚ್ಚಿದರು. ಆನೆಯೂ ಎತ್ತೂ ಮಾಡುತ್ತಿದ್ದ ಕೆಲಸವನ್ನು ರಣರಂಗದಿಂದ ಮರಳಿದ ಯಂತ್ರವು ದಶಕಗಳ ಕಾಲ ನಡೆಯಿಸಿತು.

ಆ ದಿನಗಳಲ್ಲಿ ಹವಳಗಾ ಸೀಮೆಯು ನಿಜಾಮರ ಹೈದರಾಬಾದು ಸಂಸ್ಥಾನದ ಪಶ್ಚಿಮದ ಅಂಚಿನಲ್ಲಿತ್ತು. ಸೊಲ್ಲಾಪುರ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. 1948ನೆಯ ಸೆಪ್ಟೆಂಬರ್ 13ರಂದು ಭಾರತದ ಸೈನ್ಯದ ಮುಖ್ಯ ದಂಡು ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ನೇತೃತ್ವದಲ್ಲಿ ಸೊಲ್ಲಾಪುರದ ಕಡೆಯಿಂದ ನಳದುರ್ಗದ ಮಾರ್ಗವಾಗಿ ಸಂಸ್ಥಾನವನ್ನು ಹೊಕ್ಕಿತು. ಐದು ದಿನಗಳಲ್ಲಿ ಕಾರ್ಯವು ಮುಗಿಯಿತು. ಮಳೆಗಾಲದ ಎರೆನೆಲದಲ್ಲಿ ದಂಡು ರಸ್ತೆಯನ್ನೂ ಸೇತುವೆಯನ್ನೂ ನಂಬಿಯೇ ನಡೆಯಬೇಕಾದುದರಿಂದ, ನಳದುರ್ಗದ ಬಳಿ ಬೋರಿ ನದಿಯ ಸೇತುವೆ ಕೆಡದೆ ಕೈಸೇರಿದುದು ಎಷ್ಟು ಮಹತ್ವದ್ದಾಯಿತೆಂಬುದನ್ನು ಈ ಮಣ್ಣನ್ನು ಬಲ್ಲವರು ಊಹಿಸಬಲ್ಲರು.

ಸ್ವತಂತ್ರ ಭಾರತವು ತನ್ನದೇ ಲಾರಿಯನ್ನು ಬೇಗನೆ ಕಟ್ಟಿಕೊಂಡಿತು. ಜರ್ಮನಿಯ ಮಾನ್ ಸಂಸ್ಥೆಯ ಅನುಮತಿಯಿಂದ ಜಬಲಪುರದಲ್ಲಿ 1959ರಲ್ಲಿ ಶಕ್ತಿಮಾನ್ ಲಾರಿಯ ನಿರ್ಮಾಣ ತೊಡಗಿತು. 1996ರ ವರೆಗೂ ಅದು ನಡೆಯಿತು. ಸೈನ್ಯವು ಕೈಬಿಟ್ಟ ಶಕ್ತಿಮಾನುಗಳೂ ಹಿಂದಿನ ಲಾರಿಗಳಂತೆಯೇ ಹರಾಜಾಗಿ ಹಳ್ಳಿಗೂ ಕಾಡಿಗೂ ಇಳಿದುವು. ಹೀಗಾಗಿ ಕರ್ನಾಟಕದಲ್ಲಿ ಯಾವನಾದರೂ ಮನೆಯ ಅಂಗಳದಲ್ಲಿ ತಗಡಿನ ಛಾವಣಿಯೊಂದನ್ನೆತ್ತಿ ಇಂಥ ಲಾರಿಯ ಜೀರ್ಣೋದ್ಧಾರಕ್ಕೆ ಕೈಹಚ್ಚಿದನೆಂದರೆ, ಅವನ ಮುಂದೆ ನಿಂತಿರುವುದು ಒಂದೇ ಜನ್ಮದ ವಸ್ತುವಲ್ಲ. ಮೊದಲು ಸಿಪಾಯಿಯನ್ನೂ ಆಮೇಲೆ ದಿಮ್ಮಿ, ಕಲ್ಲು, ಫಸಲುಗಳನ್ನೂ ಹೊತ್ತ ವಸ್ತು.

ಈ ಕೆಲಸದಲ್ಲಿ ಮೊದಲ ಆಯುಧವು ಪಾನಾ ಅಲ್ಲ, ಲೇಖನಿ. ಯಾವ ಬೋಲ್ಟು ಎಲ್ಲಿತ್ತು, ಯಾವ ತಗಡು ಯಾವುದರ ಕೆಳಗಿತ್ತು ಎಂಬುದನ್ನು ಬಿಚ್ಚುವ ಮುನ್ನವೇ ಬರೆದಿಡಬೇಕು, ಚಿತ್ರ ತೆಗೆದಿಡಬೇಕು. ವರ್ಷಗಟ್ಟಲೆ ನಿಂತ ಇಂಜಿನನ್ನು ಒಮ್ಮೆಲೆ ಚಾಲು ಮಾಡಲು ಹೋಗುವುದು ಅವಿವೇಕ. ಕೊಳವೆಗಳೊಳಗೆ ಎಣ್ಣೆಯನ್ನು ಬಿಟ್ಟು ಕೆಲವು ದಿನ ನೆನೆಯಿಸಿ, ಮುಂದಿನ ಹಿಡಿಕೆಯಿಂದ ಕೈಯಾರೆ ಮೆಲ್ಲಗೆ ತಿರುಗಿಸಿ ನೋಡಬೇಕು. ಗಾಲಿಗಳ ವಿಷಯದಲ್ಲಿ ಪ್ರಾಣಾಪಾಯವೂ ಉಂಟು. ಯುದ್ಧಕಾಲದ ಅನೇಕ ಲಾರಿಗಳ ಗಾಲಿಯು ಎರಡು ಹೋಳುಗಳನ್ನು ಬೋಲ್ಟುಗಳಿಂದ ಜೋಡಿಸಿದುದು. ಹೋಳುಗಳನ್ನು ಹಿಡಿದ ನಟ್ಟುಗಳಿಗೆ ಸೈನ್ಯದವರು ಕೆಂಪು ಬಣ್ಣ ಬಳಿಯುತ್ತಿದ್ದರು. ಟಯರಿನಲ್ಲಿ ಗಾಳಿಯಿರುವಾಗ ಅವನ್ನು ಸಡಿಲಿಸಿದರೆ ಗಾಲಿಯು ಸಿಡಿದು ಎದುರಿನವನನ್ನು ಕೊಲ್ಲಬಲ್ಲುದು. ಮೇಲೆ ಹತ್ತು ಸಲ ಬೇರೆ ಬಣ್ಣ ಬಳಿದ ಗಾಲಿಯಲ್ಲಿ ಆ ಕೆಂಪು ಎಚ್ಚರಿಕೆಯು ಅಳಿಸಿಹೋಗಿರುವುದು. ಆದುದರಿಂದ ಮೊದಲು ಗಾಳಿಯನ್ನು ಪೂರ್ತಿಯಾಗಿ ಬಿಡಬೇಕು, ಮಿಕ್ಕುದೆಲ್ಲ ಆಮೇಲೆ.

ಮುಂದಿನ ಅಚ್ಚೇ ಈ ಲಾರಿಯ ಜೀವಾಳ. ಗಿಯರು ಪೆಟ್ಟಿಗೆಯಿಂದ ಬಂದ ಬಲವನ್ನು ಟ್ರಾನ್ಸ್‌ಫರ್ ಕೇಸು ಎಂಬ ಇನ್ನೊಂದು ಪೆಟ್ಟಿಗೆಯು ಹಿಂದಕ್ಕೂ ಮುಂದಕ್ಕೂ ಹಂಚುವುದು. ಆದರೆ ಮುಂದಿನ ಗಾಲಿಯು ಎಳೆಯುತ್ತಿರುವಾಗಲೇ ಓರೆಯಾಗಿ ತಿರುಗಬೇಕಷ್ಟೆ. ಸಾಮಾನ್ಯ ಕೀಲಿನಲ್ಲಿ ಓರೆಯಾದಷ್ಟೂ ವೇಗವು ಒಂದು ಸುತ್ತಿನೊಳಗೇ ಏರಿಳಿಯುವುದರಿಂದ ಚುಕ್ಕಾಣಿಯು ಕೈಯಲ್ಲಿ ಅದುರುವುದು. ಸಮವೇಗದ ಕೀಲುಗಳು ಈ ದೋಷವನ್ನು ನೀಗಿದುವು. ಫ್ರಾನ್ಸಿನ ಫೆನಾಯ್ ಮತ್ತು ಗ್ರೆಗ್ವಾರರು 1926ರಲ್ಲಿ ತಂದ ಟ್ರಾಕ್ಟಾ ಕೀಲು ಅವುಗಳಲ್ಲೊಂದು. ಆಲ್ಫ್ರೆಡ್ ರ್‍ಜೆಪಾ ಎಂಬವನ ಗುಂಡುಗಳ ಕೀಲು ಇನ್ನೊಂದು. ಇವು ಹೆಚ್ಚಾಗಿ ಸವೆದಿರುವುದು ಕೆಸರಿನ ದುಡಿಮೆಯಿಂದಲ್ಲ, ಗಟ್ಟಿ ರಸ್ತೆಯ ಅಜ್ಞಾನದಿಂದ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ದೂರ ನಡೆಯಬೇಕಾಗುವುದು. ಕೆಸರಿನಲ್ಲಿ ಗಾಲಿ ಜಾರಿ ಆ ವ್ಯತ್ಯಾಸವು ಸರಿಹೋಗುವುದು, ಗಟ್ಟಿ ನೆಲದಲ್ಲಿ ಅದೇ ಬಿಗಿತವು ದಂಡಗಳನ್ನು ತಿರುಚಿ ಹಲ್ಲುಗಳನ್ನು ಮುರಿಯುವುದು. ಬೇಕಾದಾಗ ಕೂಡಿಸಿ, ಬೇಡವಾದಾಗ ಬಿಡಿಸುವ ಸನ್ನೆಕೋಲನ್ನು ತಿಳಿದು ಬಳಸಿದವನ ಲಾರಿಯು ಬಹುಕಾಲ ಬಾಳಿದುದುಂಟು.

ಬಿಡಿಭಾಗಗಳು ಸಿಕ್ಕುವುದು ದುರ್ಲಭವಾದರೂ ಅಸಾಧ್ಯವಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿ, ಜೆ. ಸಿ. ರಸ್ತೆಯ ಅಂಗಡಿಗಳು, ಮುಂಬಯಿಯ ಕುರ್ಲಾ, ದಿಲ್ಲಿಯ ಮಾಯಾಪುರಿ ಇವುಗಳಲ್ಲಿ ಹುಡುಕುವವರು ಹುಡುಕುತ್ತಲೇ ಇರುವರು. ಸಿಕ್ಕದುದನ್ನು ಲೇಥಿನ ಮೇಲೆ ಮಾಡಿಸಬಹುದು. ನಿಜವಾಗಿ ದುರ್ಲಭವಾಗುತ್ತಿರುವುದು ಕೈಗಾರಿಕೆ. ಷೆವ್ರೊಲೆಯ ಆ ಹಳೆಯ ಇಂಜಿನಿನ ಸಂಬಂಧದಂಡಗಳಿಗೆ ಈಗಿನಂತೆ ಅಂಗಡಿಯಿಂದ ತಂದು ಕೂಡಿಸುವ ಬೇರಿಂಗುಗಳಿರಲಿಲ್ಲ. ತವರ, ಅಂಜನ, ತಾಮ್ರಗಳ ಬೆರಕೆಯಾದ ಬಿಳಿಲೋಹವನ್ನು ಕರಗಿಸಿ ಅಲ್ಲಿಯೇ ಎರಕ ಹೊಯ್ಯಬೇಕಾಗಿತ್ತು. ದಂಡದ ಬಾಯನ್ನು ಶುಚಿಗೊಳಿಸಿ ತವರದ ಕಲಾಯಿ ಹಚ್ಚುವುದು, ಅಚ್ಚನ್ನು ಹದವಾಗಿ ಕಾಯಿಸುವುದು, ಕರಗಿದ ಲೋಹದಲ್ಲಿ ಕಟ್ಟಿಗೆಯ ಕಡ್ಡಿಯನ್ನದ್ದಿ ಅದು ಕಂದುವ ಬಗೆಯಿಂದ ಕಾವನ್ನು ಅಳೆಯುವುದು, ತಡೆಯಿಲ್ಲದೆ ಒಂದೇ ಧಾರೆಯಾಗಿ ಹೊಯ್ಯುವುದು, ಆರಿದ ಮೇಲೆ ಬಣ್ಣ ಹಚ್ಚಿ ಎಲ್ಲಿ ತಾಗುವುದೆಂದು ನೋಡಿ ನೋಡಿ ಹೆರೆಯುವುದು, ಇದೆಲ್ಲವೂ ಪುಸ್ತಕದಿಂದ ಅರ್ಧ, ಕೈಯಿಂದ ಅರ್ಧ ಕಲಿಯುವ ವಿದ್ಯೆ. ಬಲ್ಲ ಮೇಸ್ತ್ರಿಯೊಬ್ಬನು ಶಿಷ್ಯನಿಲ್ಲದೆ ತೀರಿಕೊಂಡರೆ ಆ ಅರ್ಧವು ಅವನೊಡನೆಯೇ ಹೋಗುವುದು. ಹಳೆಯ ಲಾರಿಯೊಂದು ಅಂಗಳದಲ್ಲಿ ಬಿಚ್ಚಿ ಬಿದ್ದಿರುವಾಗ ಮಾತ್ರ ಅಂಥ ಮೇಸ್ತ್ರಿಯನ್ನು ಕರೆಯುವ ಪ್ರಸಂಗ ಬರುವುದು. ನೋಡುತ್ತ ನಿಂತ ಹುಡುಗನು ಕಲಿಯುವ ಪ್ರಸಂಗವೂ ಆಗಲೇ ಬರುವುದು.

ಲಾರಿ ಮತ್ತೆ ಎದ್ದು ನಿಂತ ಮೇಲೆ ಕೊನೆಯ ಪ್ರಶ್ನೆಯು ಬಣ್ಣದ್ದು. ಬಹುಮಂದಿ ಅದನ್ನು ಮತ್ತೆ ಸೈನ್ಯದ ಹಸುರಿಗೆ ತಿರುಗಿಸಿ, ಬಿಳಿಯ ನಕ್ಷತ್ರವನ್ನೋ ದಳದ ಅಂಕಿಯನ್ನೋ ಬರೆಯಿಸುವರು. ನೋಡಲು ಅದು ಸೊಗಸೇ. ಆದರೆ ಮೂರು ನಾಲ್ಕು ವರ್ಷ ಯುದ್ಧ ಮಾಡಿ ನಾಲ್ವತ್ತು ವರ್ಷ ದಿಮ್ಮಿ ಹೊತ್ತ ಲಾರಿಯ ಮೈಯಿಂದ ಆ ನಾಲ್ವತ್ತನ್ನು ಕೆರೆದುಹಾಕುವುದು ಇತಿಹಾಸದ ರಕ್ಷಣೆಯೆನಿಸಲಾರದು. ಬಡಗಿ ಕಟ್ಟಿದ ತೊಟ್ಟಿ, ಕಮ್ಮಾರನು ಹಚ್ಚಿದ ಪಟ್ಟಿ, ಒಡೆಯನು ಬರೆಯಿಸಿದ ದೇವರ ಹೆಸರು ಇವೂ ದಾಖಲೆಗಳೇ. ತಾನು ಸೇರದಿದ್ದ ದಳದ ಗುರುತನ್ನು ಲಾರಿಗೆ ಬರೆಯುವುದಂತೂ ಹಳೆಯ ಶಾಸನಕ್ಕೆ ಹೊಸ ಸಾಲನ್ನು ಕೆತ್ತಿದಂತೆ. ಗೊತ್ತಿದ್ದುದನ್ನು ಉಳಿಸಿ, ಗೊತ್ತಿಲ್ಲದುದನ್ನು ಬರಿದಾಗಿ ಬಿಡುವವನೇ ನಂಬತಕ್ಕ ಜೀರ್ಣೋದ್ಧಾರಕ.

ಹಳೆಯ ಕಾರುಗಳಿಗೆ ಗೌರವದ ಸ್ಥಾನ ದೊರೆತಿದೆ. ಡಾ. ವೀರೇಂದ್ರ ಹೆಗ್ಗಡೆಯವರು ಧರ್ಮಸ್ಥಳದಲ್ಲಿ ಕೂಡಿಸಿದ ಸಂಗ್ರಹವು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. 2021ನೆಯ ಜುಲೈ ತಿಂಗಳಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯು, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ವಾಹನಗಳಿಗೆ ವಿಎ ಎಂಬ ಅಕ್ಷರಗಳ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿತು. ಅದರ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಈ ಮನ್ನಣೆಯು ಸ್ವಂತ ಬಳಕೆಯ ದ್ವಿಚಕ್ರಗಳಿಗೂ ಕಾರಿನ ವರ್ಗದ ವಾಹನಗಳಿಗೂ ಹೇಳಿದುದು. ಸರಕಿನ ಲಾರಿಯು ಆ ವ್ಯಾಖ್ಯೆಯೊಳಗೆ ಬರಲಿಲ್ಲ. ಮಹಾರಾಜರನ್ನು ಮೆರೆಯಿಸಿದ ಕಾರು ಪುರಾತನವೆನಿಸಿತು. ನಾಡಿನ ಮರ, ಕಲ್ಲು, ಕಾಳುಗಳನ್ನು ಹೊತ್ತ ಲಾರಿಯು ಬರಿಯ ಹಳತಾಯಿತು. ಹಳತಾದುದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುವುದು. ಯಾವ ಅರಮನೆಯೂ ಅದನ್ನು ಕಾಯದೆ ಇರುವಾಗ, ಮನೆಯ ಅಂಗಳದ ತಗಡಿನ ಛಾವಣಿಯೇ ಅದಕ್ಕುಳಿದ ಆಶ್ರಯ.

ನಾಲ್ಕು ಗಾಲಿಗಳ ಎಳೆತವು ಕ್ಲಿಂಟನ್‌ವಿಲ್ಲಿನ ಕಬ್ಬಿಣದಂಗಡಿಯಲ್ಲಿ ರೂಪುಗೊಂಡಿತೆಂಬುದನ್ನು ಇಲ್ಲಿ ನೆನೆಯಬೇಕು. ಸಾಮಾನ್ಯರ ಕೈಯಿಂದ ಹುಟ್ಟಿದ ಯಂತ್ರವನ್ನು ಉಳಿಸುವ ಹೊಣೆಯೂ ಸಾಮಾನ್ಯರ ಕೈಗೇ ಬಂದಿದೆ. ಎರೆನೆಲದ ಊರುಗಳಲ್ಲಿ ಬಂಡಿಯ ಗಾಲಿಗೆ ಹಳಿ ತೊಡಿಸುತ್ತಿದ್ದ ಕಮ್ಮಾರರ ಕುಲುಮೆಗಳು ಒಂದೊಂದಾಗಿ ಆರಿದುವು. ಆ ಕೆಲಸವನ್ನು ಆಗ ಯಾರೂ ಬರೆದಿಡಲಿಲ್ಲ, ಕಲಿತಿಡಲಿಲ್ಲ. ಹಳೆಯ ಲಾರಿಯ ವಿಷಯದಲ್ಲಿಯಾದರೂ ಇನ್ನೂ ಕಾಲ ಮಿಂಚಿಲ್ಲ. ಬಲ್ಲ ಮೇಸ್ತ್ರಿಗಳು ಕೆಲವರು ಇರುವರು, ತುಕ್ಕು ಹಿಡಿದ ಚೌಕಟ್ಟುಗಳೂ ಕೆಲವು ಇರುವುವು. ಇವೆರಡನ್ನೂ ಒಂದೇ ಅಂಗಳದಲ್ಲಿ ಕೂಡಿಸುವವನು ಊರಿಗೊಬ್ಬನು ದೊರೆತರೂ ಸಾಕು.