ಮಿಲ್ಲರ್ ಸಮಿತಿ

ಮಿಲ್ಲರ್ ಸಮಿತಿಯು ಮೈಸೂರು ಸಂಸ್ಥಾನದ ಸರ್ಕಾರಿ ಸೇವೆಯಲ್ಲಿ ಎಲ್ಲ ಸಮುದಾಯಗಳಿಗೂ ಸಾಕಷ್ಟು ಪ್ರಾತಿನಿಧ್ಯ ದೊರಕಿಸುವ ಮಾರ್ಗಗಳನ್ನು ಸೂಚಿಸಲು 1918ರಲ್ಲಿ ನೇಮಕಗೊಂಡ ಸಮಿತಿ. ಮೈಸೂರು ಮುಖ್ಯ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಇದರ ಅಧ್ಯಕ್ಷರಾಗಿದ್ದುದರಿಂದ ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಸಮಿತಿಯು 1919ರಲ್ಲಿ ವರದಿ ಸಲ್ಲಿಸಿತು. ಅದನ್ನು ಆಧರಿಸಿ 1921ರಲ್ಲಿ ಹೊರಟ ಸರ್ಕಾರಿ ಆದೇಶವು ಕರ್ನಾಟಕದ ಮೀಸಲಾತಿ ನೀತಿಯ ಆರಂಭದ ಘಟ್ಟವೆಂದು ಪರಿಗಣಿತವಾಗಿದೆ. ಒಂದು ಕಚೇರಿಯ ದಕ್ಷತೆಯನ್ನು ನೌಕರರ ಪರೀಕ್ಷೆಯ ಅಂಕಗಳಿಂದ ಮಾತ್ರ ಅಳೆಯಬೇಕೇ ಅಥವಾ ಆ ಕಚೇರಿಯು ತಾನು ಸೇವೆ ಸಲ್ಲಿಸುವ ಸಮಾಜವನ್ನು ಎಷ್ಟರ ಮಟ್ಟಿಗೆ ಒಳಗೊಂಡಿದೆ ಎಂಬುದನ್ನೂ ಗಣಿಸಬೇಕೇ ಎಂಬ ಪ್ರಶ್ನೆಯನ್ನು ಈ ಸಮಿತಿ ನೇರವಾಗಿ ಎದುರಿಸಿತು.

ಹಿನ್ನೆಲೆ

1881ರಲ್ಲಿ ಮೈಸೂರಿನ ಆಡಳಿತವು ಬ್ರಿಟಿಷ್ ಕಮಿಷನರರಿಂದ ಒಡೆಯರ್ ರಾಜಮನೆತನಕ್ಕೆ ಮರಳಿತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾಯಿತು. ಅವರ ನಂತರ ದಿವಾನರಾದ ಕೆ. ಶೇಷಾದ್ರಿ ಅಯ್ಯರ್ ಅವರ ಅವಧಿಯಲ್ಲಿ (1883–1901) ಉನ್ನತ ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ನೇಮಕ ಮಾಡುವ ಪದ್ಧತಿ ಜಾರಿಗೆ ಬಂದಿತು. ಪರೀಕ್ಷೆಯ ಬಾಗಿಲು ನಿಯಮದಲ್ಲಿ ತೆರೆದಿದ್ದರೂ ಅದನ್ನು ದಾಟಲು ಬೇಕಾದ ಇಂಗ್ಲಿಷ್ ವಿದ್ಯಾಭ್ಯಾಸವು ಕೆಲವೇ ಸಮುದಾಯಗಳಿಗೆ ಎಟುಕುವಂತಿತ್ತು. ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಶೇಕಡಾ 4ರಷ್ಟಿದ್ದ ಬ್ರಾಹ್ಮಣರು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಸರ್ಕಾರಿ ಹುದ್ದೆಗಳಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚಿನ ಪಾಲನ್ನು ಹೊಂದಿದ್ದರು.

ಆರಂಭದಲ್ಲಿ ಅಸಮಾಧಾನವು ಬೇರೆ ರೂಪದಲ್ಲಿತ್ತು. ಮದರಾಸು ಪ್ರಾಂತ್ಯದಿಂದ ಬಂದ ಅಧಿಕಾರಿಗಳ ಪ್ರಾಬಲ್ಯಕ್ಕೆ ಸ್ಥಳೀಯರು ವಿರೋಧ ವ್ಯಕ್ತಪಡಿಸಿದರು ಮತ್ತು ಮೈಸೂರಿನ ಹುದ್ದೆಗಳು ಮೈಸೂರಿನವರಿಗೇ ಸಿಗಬೇಕೆಂದು ಒತ್ತಾಯಿಸಿದರು. ಮುಂದೆ ಒಕ್ಕಲಿಗರು, ಲಿಂಗಾಯತರು ಹಾಗೂ ಮುಸ್ಲಿಮರು ತಮ್ಮ ತಮ್ಮ ಸಂಘಗಳನ್ನು ಕಟ್ಟಿಕೊಂಡರು. 1906ರಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಯಾಯಿತು. ಈ ಸಂಘಗಳು ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನ ಮತ್ತು ಪತ್ರಿಕೆಗಳ ಮೂಲಕ ವಿದ್ಯಾವಂತರ ಹೊಸ ಪೀಳಿಗೆಯೊಂದನ್ನು ರೂಪಿಸಿದವು. ಓದು ಮುಗಿಸಿ ಬಂದ ಈ ಪೀಳಿಗೆಗೆ ಸರ್ಕಾರಿ ಕಚೇರಿಯೇ ಮುಖ್ಯ ಉದ್ಯೋಗಸ್ಥಾನವಾಗಿತ್ತು.

ಪ್ರಜಾಮಿತ್ರ ಮಂಡಳಿ ಮತ್ತು ಸಮಿತಿಯ ನೇಮಕ

ಮದರಾಸಿನಲ್ಲಿ 1916ರಲ್ಲಿ ಜಸ್ಟಿಸ್ ಪಕ್ಷವೆಂದು ಮುಂದೆ ಹೆಸರಾದ ಬ್ರಾಹ್ಮಣೇತರ ಸಂಘಟನೆ ರೂಪುಗೊಂಡಿತು. ಅದರ ಮರುವರ್ಷ, 1917ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಪ್ರತ್ಯೇಕವಾಗಿ ಕೆಲಸ ಮಾಡುತ್ತಿದ್ದ ಲಿಂಗಾಯತ, ಒಕ್ಕಲಿಗ, ಮುಸ್ಲಿಂ ಮತ್ತಿತರ ಸಮುದಾಯಗಳ ಮುಖಂಡರು ಈ ವೇದಿಕೆಯಲ್ಲಿ ಒಂದುಗೂಡಿದರು. ಎಂ. ಬಸವಯ್ಯ, ಎಚ್. ಚನ್ನಯ್ಯ ಮತ್ತು ಗುಲಾಮ್ ಅಹಮದ್ ಕಲಾಮಿ ಇದರ ಪ್ರಮುಖರಲ್ಲಿ ಸೇರಿದ್ದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಸಿ. ಆರ್. ರೆಡ್ಡಿ ಅವರ ಪ್ರೇರಣೆಯೂ ಇದರ ಹಿಂದೆ ಇತ್ತು.

1918ರ ಜೂನ್ ತಿಂಗಳಲ್ಲಿ ಮಂಡಳಿಯ ನಿಯೋಗವು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ಭೇಟಿಯಾಗಿ ಸರ್ಕಾರಿ ಸೇವೆಯಲ್ಲಿನ ಅಸಮತೋಲನವನ್ನು ಸರಿಪಡಿಸುವಂತೆ ಮನವಿ ಸಲ್ಲಿಸಿತು. ಮಹಾರಾಜರು ಮನವಿಗೆ ಸ್ಪಂದಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ನೇಮಕದ ನಿಯಮಗಳಲ್ಲಿ ಮಾಡಬೇಕಾದ ಬದಲಾವಣೆ, ಹಿಂದುಳಿದ ಸಮುದಾಯಗಳ ಉನ್ನತ ಶಿಕ್ಷಣಕ್ಕೆ ನೀಡಬೇಕಾದ ಉತ್ತೇಜನ ಮತ್ತು ಆಡಳಿತದ ದಕ್ಷತೆಗೆ ಧಕ್ಕೆಯಾಗದಂತೆ ಪ್ರಾತಿನಿಧ್ಯ ಹೆಚ್ಚಿಸುವ ಇತರ ಕ್ರಮಗಳನ್ನು ಪರಿಶೀಲಿಸುವುದು ಸಮಿತಿಯ ಹೊಣೆಯಾಗಿತ್ತು.

ದಕ್ಷತೆಯ ಕುರಿತ ಚರ್ಚೆ

ಆಗ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಶಿಕ್ಷಣದ ವಿಸ್ತರಣೆಯನ್ನು ಬಲವಾಗಿ ಬೆಂಬಲಿಸಿದ್ದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು ಅವರ ಅಧಿಕಾರಾವಧಿಯಲ್ಲಿಯೇ. ಹಿಂದುಳಿದವರಿಗೆ ಓದಲು ನೆರವು ನೀಡಬೇಕು, ಆದರೆ ನೇಮಕವು ಅರ್ಹತೆಯ ಆಧಾರದ ಮೇಲೆಯೇ ನಡೆಯಬೇಕು, ಇಲ್ಲವಾದರೆ ಆಡಳಿತದ ದಕ್ಷತೆ ಕುಗ್ಗುತ್ತದೆ ಎಂಬುದು ಅವರ ನಿಲುವಾಗಿತ್ತು. 1918ರ ಕೊನೆಯಲ್ಲಿ ಅವರು ದಿವಾನಗಿರಿಯಿಂದ ನಿವೃತ್ತರಾಗಲು ಈ ವಿಷಯದಲ್ಲಿ ಮಹಾರಾಜರೊಂದಿಗಿದ್ದ ಭಿನ್ನಾಭಿಪ್ರಾಯವೂ ಒಂದು ಕಾರಣವೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಅವರ ನಂತರ ಎಂ. ಕಾಂತರಾಜ ಅರಸು ದಿವಾನರಾದರು.

ಸಮಿತಿಯು ದಕ್ಷತೆಯ ಅಗತ್ಯವನ್ನು ಅಲ್ಲಗಳೆಯಲಿಲ್ಲ. ಅದನ್ನು ಅಳೆಯುವ ಮಾನದಂಡವನ್ನು ಪ್ರಶ್ನಿಸಿತು. ಅದರ ಅಭಿಪ್ರಾಯದಲ್ಲಿ ದಕ್ಷತೆಯನ್ನು ಕೇವಲ ಶೈಕ್ಷಣಿಕ ಅರ್ಹತೆಯಿಂದ ನಿರ್ಣಯಿಸಲಾಗದು. ಆಡಳಿತದ ಅನೇಕ ಮುಖ್ಯ ಶಾಖೆಗಳಲ್ಲಿ ಸಹಾನುಭೂತಿ, ಪ್ರಾಮಾಣಿಕತೆ, ಕಾರ್ಯೋತ್ಸಾಹ ಮತ್ತು ವ್ಯವಹಾರ ಜ್ಞಾನಗಳು ಪುಸ್ತಕ ಪಾಂಡಿತ್ಯದಷ್ಟೇ ಅಧಿಕಾರಿಯೊಬ್ಬನನ್ನು ಸಮರ್ಥನನ್ನಾಗಿಸುತ್ತವೆ. ಕಂದಾಯ, ಪೊಲೀಸ್ ಮುಂತಾದ ಇಲಾಖೆಗಳ ನೌಕರರು ಪ್ರತಿದಿನವೂ ರೈತರೊಂದಿಗೆ, ಕುಶಲಕರ್ಮಿಗಳೊಂದಿಗೆ ಮತ್ತು ಕೂಲಿಕಾರರೊಂದಿಗೆ ವ್ಯವಹರಿಸಬೇಕಾಗಿತ್ತು. ಆ ಜನರ ಬದುಕನ್ನು ಬಲ್ಲವರು ಕಚೇರಿಯೊಳಗೂ ಇರುವುದು ಈ ದೃಷ್ಟಿಯಲ್ಲಿ ದಕ್ಷತೆಗೆ ವಿರುದ್ಧವಾದ ರಿಯಾಯಿತಿಯಲ್ಲ, ದಕ್ಷತೆಯದೇ ಒಂದು ಅಂಗ.

ಶಿಫಾರಸುಗಳು

ಸಮಿತಿಯ ಮುಖ್ಯ ಶಿಫಾರಸುಗಳು ಹೀಗಿದ್ದವು:

- ಏಳು ವರ್ಷಗಳನ್ನು ಮೀರದ ಅವಧಿಯಲ್ಲಿ ಉನ್ನತ ಹುದ್ದೆಗಳಲ್ಲಿ ಕನಿಷ್ಠ ಅರ್ಧದಷ್ಟು ಹಾಗೂ ಕೆಳಹಂತದ ಹುದ್ದೆಗಳಲ್ಲಿ ಕನಿಷ್ಠ ಮೂರನೆಯ ಎರಡು ಭಾಗದಷ್ಟು ಬ್ರಾಹ್ಮಣೇತರ ಸಮುದಾಯಗಳವರಿಂದ ತುಂಬಿರಬೇಕು.
- ದಲಿತ ಸಮುದಾಯಗಳ ಅರ್ಹ ಅಭ್ಯರ್ಥಿಗಳು ದೊರೆತಾಗ ಅವರಿಗೆ ಆದ್ಯತೆ ನೀಡಬೇಕು.
- ಹಿಂದುಳಿದ ಸಮುದಾಯಗಳ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಮತ್ತು ವಿದ್ಯಾರ್ಥಿನಿಲಯಗಳ ಸೌಲಭ್ಯವನ್ನು ವಿಸ್ತರಿಸಬೇಕು.

ಮೊದಲ ಶಿಫಾರಸಿನಲ್ಲಿ ಪ್ರಮಾಣದೊಂದಿಗೆ ಕಾಲಮಿತಿಯೂ ಇದ್ದುದು ಗಮನಾರ್ಹ. ಗುರಿ ತಲುಪಿದ್ದೇವೆಯೇ ಎಂದು ಸರ್ಕಾರವನ್ನು ಕೇಳಲು ಇದರಿಂದ ಅವಕಾಶವಾಯಿತು.

ಜಾರಿ ಮತ್ತು ಪರಿಣಾಮ

1921ರ ಮೇ ತಿಂಗಳಲ್ಲಿ ಮೈಸೂರು ಸರ್ಕಾರವು ಸಮಿತಿಯ ಮುಖ್ಯ ಶಿಫಾರಸುಗಳನ್ನು ಅಂಗೀಕರಿಸಿ ಆದೇಶ ಹೊರಡಿಸಿತು. ಸರ್ಕಾರಿ ಸೇವೆಯಲ್ಲಿ ಸಾಕಷ್ಟು ಪ್ರಾತಿನಿಧ್ಯವಿಲ್ಲದ, ಬ್ರಾಹ್ಮಣರನ್ನು ಹೊರತುಪಡಿಸಿದ ಸಮುದಾಯಗಳನ್ನು ಈ ಆದೇಶವು ಹಿಂದುಳಿದವೆಂದು ಪರಿಗಣಿಸಿತು. ಇದಕ್ಕೆ ಮೊದಲೇ, 1902ರಲ್ಲಿ, ಕೊಲ್ಹಾಪುರದ ಶಾಹು ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಅರ್ಧದಷ್ಟು ಹುದ್ದೆಗಳನ್ನು ಹಿಂದುಳಿದ ವರ್ಗಗಳಿಗೆ ಮೀಸಲಿರಿಸಿದ್ದರು. ಮದರಾಸು ಪ್ರಾಂತ್ಯದ ಮೊದಲ ಕೋಮುವಾರು ಆದೇಶವೂ 1921ರಲ್ಲಿಯೇ ಹೊರಬಂದಿತು.

ಬದಲಾವಣೆ ನಿಧಾನವಾಗಿ ನಡೆಯಿತು. ಹೊಸ ನೇಮಕಗಳಲ್ಲಿ ಆದೇಶ ಪಾಲನೆಯಾದರೂ ಹಳೆಯ ನೌಕರರು ನಿವೃತ್ತರಾಗುವವರೆಗೆ ಕಚೇರಿಗಳ ಒಟ್ಟು ಸ್ವರೂಪ ಬದಲಾಗುವಂತಿರಲಿಲ್ಲ. ಆದರೂ ಒಕ್ಕಲಿಗ, ಲಿಂಗಾಯತ ಮತ್ತಿತರ ಸಮುದಾಯಗಳ ವಿದ್ಯಾವಂತರಿಗೆ ಸರ್ಕಾರಿ ಸೇವೆಯ ದಾರಿ ತೆರೆಯಿತು. ಬ್ರಾಹ್ಮಣೇತರ ಮುಖಂಡರ ರಾಜಕೀಯ ಸಂಘಟನೆಯು 1930ರ ದಶಕದಲ್ಲಿ ಪ್ರಜಾ ಸಂಯುಕ್ತ ಪಕ್ಷವಾಗಿ ಬೆಳೆದು 1937ರಲ್ಲಿ ಕಾಂಗ್ರೆಸ್‌ನೊಂದಿಗೆ ವಿಲೀನವಾಯಿತು.

ಮಿತಿಗಳು

ಎಲ್ಲ ಬ್ರಾಹ್ಮಣೇತರರನ್ನೂ ಒಂದೇ ವರ್ಗವಾಗಿ ಕಂಡದ್ದು ಈ ವ್ಯವಸ್ಥೆಯ ಮುಖ್ಯ ದೋಷವೆಂದು ಪರಿಗಣಿಸಲಾಗಿದೆ. ಭೂಮಿ, ಸಂಘಟನೆ ಮತ್ತು ವಿದ್ಯಾರ್ಥಿನಿಲಯಗಳಿದ್ದ ಸಮುದಾಯಗಳು ಅವಕಾಶಗಳನ್ನು ಬೇಗ ಬಳಸಿಕೊಂಡವು. ಸಣ್ಣ ಕಸುಬುದಾರ ಸಮುದಾಯಗಳು ಮತ್ತು ದಲಿತರು ಹಿಂದೆ ಉಳಿದರು.

ದಲಿತರಿಗೆ ಆದೇಶವು ನಿಗದಿತ ಪಾಲನ್ನು ನೀಡಿರಲಿಲ್ಲ. ಅರ್ಹರು ದೊರೆತಾಗ ಆದ್ಯತೆ ಎಂಬ ಭರವಸೆಯನ್ನಷ್ಟೇ ನೀಡಿತ್ತು. ಸಾರ್ವಜನಿಕ ಶಾಲೆಗಳಿಗೆ ದಲಿತ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂಬ ಸರ್ಕಾರದ ನಿಲುವಿಗೆ 1910ರ ದಶಕದಲ್ಲಿ ಕೆಲವೆಡೆ ಮೇಲ್ಜಾತಿಯ ಪೋಷಕರಿಂದ ವಿರೋಧ ಬಂದಿತ್ತು. ಶಾಲೆಯ ಹೊಸ್ತಿಲನ್ನು ತುಳಿಯುವುದೇ ಕಷ್ಟವಾಗಿದ್ದ ಕೇರಿಗಳಲ್ಲಿ ಅರ್ಹ ಅಭ್ಯರ್ಥಿ ಎಂಬ ಷರತ್ತೇ ಒಂದು ತಡೆಯಾಗಿತ್ತು. ಮೈಸೂರು ನಗರದಲ್ಲಿ ಇಂದು ಅಶೋಕಪುರಂ ಎಂದು ಕರೆಯಲಾಗುವ ದಲಿತ ಬಡಾವಣೆಯ ನೆರೆಯಲ್ಲಿ ರೈಲ್ವೆ ಕಾರ್ಯಾಗಾರ ಸ್ಥಾಪನೆಯಾದದ್ದು ಸಮಿತಿಯು ಸೂಚಿಸಿದ್ದ ಏಳು ವರ್ಷಗಳ ಅವಧಿಯೊಳಗೆ, 1924ರಲ್ಲಿ. ಉದ್ಯೋಗದ ಸ್ಥಳವು ಕೇರಿಗೆ ಸಮೀಪವಿದ್ದರೂ ಇಂಗ್ಲಿಷ್ ಓದು ಬೇಡುವ ಗುಮಾಸ್ತೆ ಮತ್ತು ಅಧಿಕಾರಿ ಹುದ್ದೆಗಳಿಗೆ ಹೋಗುವ ದಾರಿ ಶಾಲೆಯ ಮೂಲಕವೇ ಹಾದುಹೋಗಬೇಕಾಗಿತ್ತು. ತಲಕಾಡು ರಂಗೇಗೌಡ ಮತ್ತು ಗೋಪಾಲಸ್ವಾಮಿ ಅಯ್ಯರ್ ಆ ಕಾಲದಲ್ಲಿ ದಲಿತ ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ ದುಡಿದವರಲ್ಲಿ ಪ್ರಮುಖರು.

ಸಮಿತಿಯು ಸಮುದಾಯಗಳ ಪ್ರಾತಿನಿಧ್ಯವನ್ನು ಪರಿಶೀಲಿಸಿತೇ ಹೊರತು ಮಹಿಳೆಯರ ಪಾಲಿನ ಬಗ್ಗೆ ಪ್ರತ್ಯೇಕ ಪ್ರಮಾಣವನ್ನು ಸೂಚಿಸಲಿಲ್ಲ. ನೇಮಕವಾದ ನಂತರ ನೌಕರನಿಗೆ ಕಚೇರಿಯೊಳಗೆ ದೊರೆಯುವ ಸ್ಥಾನಮಾನವೂ ಅದರ ಲೆಕ್ಕದಲ್ಲಿರಲಿಲ್ಲ. ಇಂದಿನ ಆಡಳಿತ ನಿರ್ವಹಣಾ ಶಾಸ್ತ್ರವು ವೈವಿಧ್ಯ ಮತ್ತು ಒಳಗೊಳ್ಳುವಿಕೆಗಳನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ಭಿನ್ನ ಹಿನ್ನೆಲೆಯವರು ಒಂದು ತಂಡದಲ್ಲಿರುವುದು ವೈವಿಧ್ಯ. ಅವರ ಮಾತಿಗೆ ಬೆಲೆ, ಹೊಣೆಗಾರಿಕೆಯ ಕೆಲಸ ಮತ್ತು ಬಡ್ತಿಯ ಅವಕಾಶ ಸಿಗುವುದು ಒಳಗೊಳ್ಳುವಿಕೆ. ಮಿಲ್ಲರ್ ಸಮಿತಿಯ ಕ್ರಮಗಳು ಮುಖ್ಯವಾಗಿ ಮೊದಲನೆಯದಕ್ಕೆ ಸಂಬಂಧಿಸಿದವು.

ನಂತರದ ಬೆಳವಣಿಗೆಗಳು

1956ರಲ್ಲಿ ರಾಜ್ಯ ಪುನರ್ವಿಂಗಡಣೆಯಾದ ಬಳಿಕ ಹಿಂದುಳಿದಿರುವಿಕೆಗೆ ಹೊಸ ಮಾನದಂಡ ಅಗತ್ಯವಾಯಿತು. ನಾಗನಗೌಡ ಸಮಿತಿಯ ವರದಿಯ ನಂತರ ಸರ್ಕಾರ ಹೊರಡಿಸಿದ, ಒಟ್ಟು ಶೇಕಡಾ 68ರಷ್ಟು ಸ್ಥಾನಗಳನ್ನು ಕಾಲೇಜು ಪ್ರವೇಶದಲ್ಲಿ ಮೀಸಲಿಟ್ಟ ಆದೇಶವನ್ನು ಸುಪ್ರೀಂ ಕೋರ್ಟ್ 1962ರಲ್ಲಿ ಎಂ. ಆರ್. ಬಾಲಾಜಿ ಪ್ರಕರಣದಲ್ಲಿ ರದ್ದುಪಡಿಸಿತು. 1972ರಲ್ಲಿ ನೇಮಕಗೊಂಡ ಎಲ್. ಜಿ. ಹಾವನೂರ ಆಯೋಗವು 1975ರಲ್ಲಿ ವರದಿ ನೀಡಿ, ಹಿಂದುಳಿದವರೊಳಗಿನ ಭಿನ್ನ ಹಂತಗಳನ್ನು ಗುರುತಿಸಿತು. ಮಿಲ್ಲರ್ ಸಮಿತಿಯ ಕಾಲದ ಒಂದೇ ವರ್ಗವೆಂಬ ಕಲ್ಪನೆ ಇದರಿಂದ ಹಿಂದೆ ಸರಿಯಿತು.

ಕಾಲಕ್ರಮೇಣ ಪ್ರಾತಿನಿಧ್ಯದ ಕಲ್ಪನೆಯು ಜಾತಿಯಾಚೆಗೂ ವಿಸ್ತರಿಸಿತು. ರಾಜ್ಯದ ನಾಗರಿಕ ಸೇವೆಗಳಲ್ಲಿ ಮಹಿಳೆಯರಿಗೆ ಶೇಕಡಾ 33ರಷ್ಟು ಸಮತಲ ಮೀಸಲಾತಿಯಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡಾ 4ರಷ್ಟನ್ನು ಅಂಗವಿಕಲರಿಗೆ ಮೀಸಲಿಡುತ್ತದೆ. 2021ರಲ್ಲಿ ಕರ್ನಾಟಕವು ತೃತೀಯ ಲಿಂಗಿಗಳಿಗೆ ಸರ್ಕಾರಿ ನೇಮಕಾತಿಯಲ್ಲಿ ಶೇಕಡಾ 1ರಷ್ಟು ಮೀಸಲಾತಿ ಕಲ್ಪಿಸಿತು; ಇಂತಹ ಕ್ರಮ ಕೈಗೊಂಡ ದೇಶದ ಮೊದಲ ರಾಜ್ಯವಿದು.

ದಕ್ಷತೆಯ ಪ್ರಶ್ನೆ ಶತಮಾನದ ನಂತರ ಮತ್ತೆ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಬಡ್ತಿ ಪಡೆದ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ನೌಕರರಿಗೆ ತತ್ಪರಿಣಾಮ ಜ್ಯೇಷ್ಠತೆ ನೀಡಿದ್ದ 2002ರ ಕಾಯ್ದೆಯ ಉಪಬಂಧಗಳನ್ನು ನ್ಯಾಯಾಲಯವು 2017ರ ಫೆಬ್ರವರಿಯಲ್ಲಿ ಬಿ. ಕೆ. ಪವಿತ್ರ ಪ್ರಕರಣದಲ್ಲಿ ಅಸಿಂಧುಗೊಳಿಸಿತು. ರಾಜ್ಯ ಸರ್ಕಾರವು ಪ್ರಾತಿನಿಧ್ಯ, ಹಿಂದುಳಿದಿರುವಿಕೆ ಮತ್ತು ಆಡಳಿತ ದಕ್ಷತೆಯ ಅಧ್ಯಯನಕ್ಕೆ ರತ್ನಪ್ರಭಾ ಸಮಿತಿಯನ್ನು ನೇಮಿಸಿ, ಅದರ ವರದಿಯನ್ನು ಆಧರಿಸಿ ಹೊಸ ಕಾಯ್ದೆಯನ್ನು ತಂದಿತು. 2019ರ ಮೇ 10ರಂದು ನ್ಯಾಯಮೂರ್ತಿಗಳಾದ ಉದಯ್ ಲಲಿತ್ ಮತ್ತು ಧನಂಜಯ ಚಂದ್ರಚೂಡ್ ಅವರ ಪೀಠವು ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಸಂವಿಧಾನದ 335ನೆಯ ವಿಧಿಯಲ್ಲಿರುವ ಆಡಳಿತ ದಕ್ಷತೆಯನ್ನು ಸಮಾಜದ ವಿವಿಧ ವರ್ಗಗಳನ್ನು ಒಳಗೊಳ್ಳುವ ಅರ್ಥದಲ್ಲಿ ಗ್ರಹಿಸಬೇಕು ಎಂದು ತೀರ್ಪು ಹೇಳಿತು. ಬಡ್ತಿ ಮತ್ತು ಜ್ಯೇಷ್ಠತೆಯ ಈ ವ್ಯಾಜ್ಯವು ಮಿಲ್ಲರ್ ಸಮಿತಿಯು ಮುಟ್ಟದೆ ಉಳಿದಿದ್ದ, ಕಚೇರಿಯೊಳಗಿನ ಸ್ಥಾನಮಾನದ ಪ್ರಶ್ನೆಗೆ ಸೇರಿದ್ದಾಗಿತ್ತು.

ಇವನ್ನೂ ನೋಡಿ

- ನಾಲ್ವಡಿ ಕೃಷ್ಣರಾಜ ಒಡೆಯರ್
- ಮೈಸೂರು ಪ್ರಜಾಪ್ರತಿನಿಧಿ ಸಭೆ
- ಹಾವನೂರ ಆಯೋಗ
- ಭಾರತದಲ್ಲಿ ಮೀಸಲಾತಿ
- ಅಶೋಕಪುರಂ, ಮೈಸೂರು